ಮಾವ ರೈಟ್ ಹೇಳುವವರೆಗೆ

ನಮ್ಮ ಮಾವನಿಗೆ ಇಂಗ್ಲಿಷ್ ಬರುತ್ತದೆ. ಒಂದೇ ಒಂದು ಪದ! ಆದರೆ ಆ ಒಂದು ಪದವನ್ನು ಅವರಷ್ಟು ದುಡಿಸಿಕೊಂಡವರು ಇಂಗ್ಲೆಂಡಿನಲ್ಲೂ ಸಿಗಲಿಕ್ಕಿಲ್ಲ ಎಂದು ಯಾರ ಎದುರಿಗೆ ಬೇಕಾದರೂ ಹೇಳಬಲ್ಲೆ. ಯಾವ ಪದ ಅಂತೀರಾ? ‘ರೈಟ್’. ಅದರ ಬೆನ್ನಿಗೆ ‘ಹೋಲ್ಡಾನ್’ ಅಂತ ಇನ್ನೊಂದಿದೆ. ಅದು ಇಂಗ್ಲಿಷ್ ಎಂದರೆ ಮಾವ ಒಪ್ಪುವುದಿಲ್ಲ, ಅದು ಅಪ್ಪಟ ಕುಂದಾಪ್ರ ಕನ್ನಡವಂತೆ!

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಕುಂದಾಪುರದಿಂದ ಕೆರಾಡಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸು ಹೊರಡಲು ‘ರೈಟ್’, ನಿಲ್ಲಲು ‘ಹೋಲ್ಡಾನ್’. ನಮ್ಮ ಕಡೆಯ ಕಂಡಕ್ಟರುಗಳೆಲ್ಲ ಹೇಳುವುದು ಇದನ್ನೇ. ಆದರೆ ಉಳಿದವರು ಸಂಜೆ ಆ ಪದವನ್ನು ಬಸ್ಸಿನಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ನಮ್ಮ ಮಾವ ಟಿಕೆಟ್ ಚೀಲದ ಜೊತೆ ಅದನ್ನೂ ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಊಟದ ಪಂಕ್ತಿಯಲ್ಲಿ ಅನ್ನ ಸಾಕಾದರೆ ‘ರೈಟ್’, ಬಡಿಸುವವನು ಮುಂದಿನ ಎಲೆಗೆ ಹೋಗಬೇಕು. ದೇವರಿಗೆ ಕೈಮುಗಿದಾದ ಮೇಲೆ ‘ರೈಟ್’, ದೇವರು ಇನ್ನು ತನ್ನ ಕೆಲಸ ನೋಡಿಕೊಳ್ಳಬಹುದು! ಅತ್ತೆಯ ಜೊತೆ ಜಗಳದಲ್ಲಿ ಸೋತಾಗಲೂ ‘ರೈಟ್’, ಆದರೆ ಅದನ್ನು ಗೋಡೆಯ ಕಡೆ ತಿರುಗಿ ಹೇಳುತ್ತಿದ್ದರು. ಸಾವಿನ ಮನೆಗೆ ಹೋದಾಗ ಮಾತ್ರ ಅತ್ತೆ ಅವರ ಪಕ್ಕದಲ್ಲೇ ನಿಂತು ಅಂಗಿಯ ತುದಿ ಹಿಡಿದುಕೊಂಡಿರುತ್ತಿದ್ದರು. ಹೆಣ ಎತ್ತುವ ಹೊತ್ತಿಗೆ ಬಾಯಿ ತಪ್ಪಿ ಬಂದುಬಿಟ್ಟರೆ?

ಹಾಗಂತ ಆ ಪದವನ್ನು ಅವರು ಅಗ್ಗಕ್ಕೆ ಮಾರುತ್ತಿದ್ದರು ಎಂದುಕೊಳ್ಳಬೇಡಿ. ಹತ್ತಬೇಕಾದವರು ಹತ್ತದೆ ರೈಟ್ ಇಲ್ಲ. ಇದು ಅವರ ಕಾನೂನು. ಗುಡ್ಡದ ದಾರಿಯಲ್ಲಿ ಯಾರೋ ಒಬ್ಬರು ಕೊಡೆ ಬೀಸುತ್ತಾ ಇಳಿದು ಬರುತ್ತಿದ್ದಾರೆ ಎಂದರೆ ಬಸ್ಸು ಅಲ್ಲೇ ನಿಲ್ಲಬೇಕು. ನಮ್ಮ ಕಡೆ ಖಾಸಗಿ ಬಸ್ಸುಗಳ ಟೈಮಿಂಗ್ ಜಗಳ ನೋಡಿದವರಿಗೆ ಇದು ಎಂಥ ಹುಚ್ಚು ಎಂದು ಗೊತ್ತಾದೀತು. ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನವರು ಮೈಮೇಲೆ ಬರುತ್ತಾರೆ!

ಒಮ್ಮೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನೇ ಆ ಬಸ್ಸಿನಲ್ಲಿ ಕೂತಿದ್ದೆ. ಗಂಗೊಳ್ಳಿಯಿಂದ ಮೀನು ತಂದು ಒಳಗಿನ ಊರುಗಳಲ್ಲಿ ಮಾರುವ ಹೆಂಗಸೊಬ್ಬರು ಬುಟ್ಟಿಯನ್ನು ಬಸ್ಸಿಗೇರಿಸಿ, ಐಸ್ ತರಲೆಂದು ಹೋದವರು ಬಂದಿರಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು. ಕೊನೆಗೆ ಅದರ ಕಂಡಕ್ಟರನೇ ಇಳಿದು ಬಂದ.

“ಹ್ವಾಯ್, ನಿಮ್ಮ್ ಟೈಮ್ ಆಯ್ತ್ ಮಾರಾಯ್ರೆ, ಬಿಡಿ!”

“ಬುಟ್ಟಿ ಹತ್ತಿತ್, ಬುಟ್ಟಿಯವ್ರ್ ಹತ್ಲಿಲ್ಲ. ಹ್ಯಾಂಗ್ ಬಿಡುದ್?” ಅಂದರು ಮಾವ.

ಬಸ್ಸಿನೊಳಗಿನವರಿಗೂ ಸಿಟ್ಟು ಬಂದಿತ್ತು. “ಒಬ್ರಿಗ್ ಬೇಕಾಯಿ ಇಡೀ ಬಸ್ಸೇ ಕಾಯ್ಕಾ?” ಎಂದರು ಒಬ್ಬರು. ಮಾವ ಅವರನ್ನು ಮೇಲಿಂದ ಕೆಳಗೆ ನೋಡಿ, “ನಾಳೆ ಆ ಒಬ್ರ್ ನೀವೇ ಆರೆ?” ಅಂದರು. ಆ ಹೆಂಗಸು ಐಸ್ ಹೊತ್ತು ಓಡೋಡಿ ಬಂದು ಹತ್ತಿದ ಮೇಲೆಯೇ ‘ರೈಟ್’ ಬಂದದ್ದು.

ಸುದ್ದಿ ಬಸ್ಸಿನ ಮಾಲೀಕರಿಗೆ ಮುಟ್ಟಿತು. ಕರೆಸಿದರು. “ಬಸ್ ಯಾರ್ದ್ ಮಾರಾಯಾ?” ಎಂದು ಗುಡುಗಿದರು.

“ಬಸ್ ನಿಮ್ದ್. ರೈಟ್ ನಂದ್.”

ಹೀಗೆ ಹೇಳಿದ ಮೇಲೂ ಕೆಲಸ ಉಳಿಯಿತು ಎಂದರೆ ನಂಬುತ್ತೀರಾ? ಬೇರೆ ಯಾರ ರೈಟಿಗೂ ತಾನು ಗೇರ್ ಹಾಕುವುದಿಲ್ಲ ಎಂದು ಡ್ರೈವರ್ ಹಟ ಹಿಡಿದಿದ್ದರಂತೆ. ಮಾಲೀಕರಿಗೆ ಇಬ್ಬರನ್ನು ಒಟ್ಟಿಗೆ ಹುಡುಕುವ ಉತ್ಸಾಹ ಇರಲಿಲ್ಲ.

ಈ ಕಾನೂನನ್ನು ಮಾವ ನನ್ನ ಮದುವೆ ಮಾತುಕತೆಗೂ ತಂದರು ನೋಡಿ! ಬ್ರಹ್ಮಾವರದ ನಮ್ಮ ಮನೆಗೆ ಬೈಂದೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಗೋಳಿಬಜೆ, ಕಾಫಿ ಎಲ್ಲ ಆಗುತ್ತಿತ್ತು. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು ಎಂದು ಹುಡುಗ ಗೋಳಿಬಜೆ ಅಗಿಯುತ್ತಲೇ ಹೇಳಿಯೂ ಆಗಿತ್ತು. ಅವರ ಹಿರಿಯರು, “ಹಂಗಾರೆ ದಿನ ಕಾಂಬನಾ?” ಎಂದು ಕೇಳಿದರು. ನಮ್ಮವರೆಲ್ಲ ತಲೆ ಅಲ್ಲಾಡಿಸಲು ಶುರುಮಾಡಿದ್ದೇ ತಡ, ಮೂಲೆಯಿಂದ ಗುಡುಗು ಬಂತು.

“ಹೋಲ್ಡಾನ್!”

ಕಾಫಿ ಲೋಟಗಳು ಗಾಳಿಯಲ್ಲೇ ನಿಂತವು.

“ಹೆಣ್ಣ್ ಹತ್ತಿತಾ ಇಲ್ಯಾ ಅಂದೇಳಿ ಕಾಂಬುದ್ ಬ್ಯಾಡ್ದಾ?” ಅಂದ ಮಾವ ನನ್ನ ಕಡೆ ತಿರುಗಿದರು. “ಎಂತ ಹೆಣ್ಣೆ, ನಿಂಗ್ ಮನ್ಸ್ ಇತ್ತಾ? ಇಲ್ಲೇ ಹೇಳ್.”

ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. “ಇಲ್ಲ ಮಾವ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

“ರೈಟ್” ಅಂದರು. ಆಮೇಲೆ ನೆಂಟರಿಗೆ, “ಗೋಳಿಬಜೆ ತಣ್‌ಗಾತ್ತ್, ತಿನ್ನಿ ಮಾರಾಯ್ರೆ” ಎಂದು ಉಪಚಾರ ಬೇರೆ! ಅಮ್ಮ ಅಣ್ಣನ ಜೊತೆ ಮಾತು ಬಿಟ್ಟರು. ಮುಂದೆ ನಾನು ಮೆಚ್ಚಿದವನನ್ನೇ ಮದುವೆಯಾದ ದಿನ ಮತ್ತೆ ಮಾತಾಡಿದರು. ಆ ದಿನ ದಿಬ್ಬಣದ ಬಸ್ಸಿಗೆ ರೈಟ್ ಹೇಳಿದವರು ಯಾರು ಎಂದು ಬೇರೆ ಹೇಳಬೇಕೇ?

ಕಳೆದ ವರ್ಷ ಮಾವನ ದನಿ ಒಡೆಯತೊಡಗಿತು. ಹಾಳು ಧೂಳು ಎಂದು ಬೈದುಕೊಂಡು ಶುಂಠಿ ಕಷಾಯ ಕುಡಿದರು. ಕಡಿಮೆಯಾಗಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಗಂಟಲಲ್ಲಿ ಗಡ್ಡೆ ಬೆಳೆದಿದೆ ಎಂದರು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

“ಹಂಗಾರೆ ಹೋಲ್ಡಾನ್” ಎಂದು ಮಾವ ಎದ್ದು ಬಂದುಬಿಟ್ಟರು! ನಾವೆಲ್ಲ ಸರದಿಯಲ್ಲಿ ಹೋಗಿ ಹೇಳಿದೆವು. “ಬಾಯಿಲ್ದೆ ಕೂಕಂಬುಕೆ ನಾ ಎಂತ ಗೋಡಿ ಮೇಲಿನ ಫೋಟುವಾ?” ಎಂದು ಎಲ್ಲರನ್ನೂ ಓಡಿಸಿದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಕೊನೆಗೆ ಅತ್ತೆ ಒಂದು ಬೆಳಿಗ್ಗೆ ಮೀನು ಹೆರೆಯುತ್ತಿದ್ದವರು ಕತ್ತಿ ಕೆಳಗಿಟ್ಟು ಹೇಳಿದರು.

“ಇಲ್ಲಿ ಕೇಣಿ. ನಂಗೆ ನಿಮ್ಮ್ ರೈಟೂ ಬ್ಯಾಡ, ಹೋಲ್ಡಾನೂ ಬ್ಯಾಡ. ನೀವ್ ಬೇಕ್. ಅಷ್ಟೇ.”

ಮಾವ ಗೋಡೆಯ ಕಡೆ ತಿರುಗಿದರು. “ರೈಟ್” ಅಂದರು.

ಆಪರೇಷನ್ ದಿನ ಅವರನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಹೊರಟಿದ್ದರು. ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಬಂದಾಗ ಮಾವ ತಲೆಯೆತ್ತಿ ಸುತ್ತ ನೋಡಿದರು. ನಾನಿದ್ದೆ, ಅಮ್ಮ ಇದ್ದರು. ಅತ್ತೆ ಇರಲಿಲ್ಲ.

“ಹೋಲ್ಡಾನ್!”

ಒಡೆದ ದನಿಯೇ. ಆದರೂ ಗಾಡಿ ಗಕ್ಕನೆ ನಿಂತಿತು.

“ಡಾಕ್ಟರ್ ಕಾಯ್ತಿದ್ದಾರೆ ಅಜ್ಜ” ಎಂದಳು ನರ್ಸ್.

“ಕಾಯ್ಲಿ. ಒಬ್ರ್ ಬಪ್ಪುಕಿತ್ತ್” ಎಂದು ಮಾವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಿಡಿಸಲು ಬಂದ, ಗಾಡಿ ತಳ್ಳುವ ಹುಡುಗನನ್ನು ಅವರು ನೋಡಿದ ರೀತಿಗೆ ಅವನು ಕೈ ಹಿಂದಕ್ಕೆ ಎಳೆದುಕೊಂಡ. ಔಷಧಿ ಅಂಗಡಿಯ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ ಅತ್ತೆ ಕೊನೆಗೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದರು.

“ಬಂದ್ಯಾ?”

“ಬಂದೆ.”

ಮಾವ ಕೈ ಬಿಟ್ಟರು. “ರೈಟ್” ಅಂದರು. ಆ ದನಿಯಲ್ಲಿ ಅವರು ಆಡಿದ ಕೊನೆಯ ಮಾತು ಅದೇ.

ಈಗ ಅವರು ಕುತ್ತಿಗೆಗೆ ಬಿಳಿ ಶಾಲು ಸುತ್ತಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಪಾಪ, ಸುಮ್ಮನಾಗಿಬಿಟ್ಟರು ಎಂದು ನೆಂಟರು ಲೊಚಗುಟ್ಟುತ್ತಾರೆ. ಸುಮ್ಮನಾಗುವುದು! ನಮ್ಮ ಮಾವ!

ಮೊನ್ನೆ ಅವರನ್ನು ನೋಡಿಕೊಂಡು ಹೊರಟೆ. ಬಸ್ಸು ಹತ್ತಿಸಲು ಅವರೂ ರಸ್ತೆಯವರೆಗೆ ಬಂದರು. ನಾನು ಹತ್ತಿ ಕಿಟಕಿ ಪಕ್ಕ ಕೂತೆ. ಹೊಸ ಕಂಡಕ್ಟರ್ “ರೈಟ್ ರೈಟ್” ಎಂದ. ಬಸ್ಸು ಅಲ್ಲಾಡಿತು. ಅಷ್ಟರಲ್ಲಿ ಬಸ್ಸಿನ ಮೈಗೆ ಅಂಗೈಯ ಒಂದು ಏಟು ಬಿತ್ತು. ಧಬ್! ಡ್ರೈವರ್ ಬ್ರೇಕ್ ಒತ್ತಿದರು.

“ಎಂತದಾ? ಯಾರ್ ಬಪ್ಪುಕಿತ್ತ್?” ಎಂದು ಹೊಸಬ ರೇಗಿದ. ಡ್ರೈವರ್ ತಿರುಗಿಯೂ ನೋಡದೆ, “ಬಾಯ್ ಮುಚ್ಕಂಡ್ ನಿಲ್ಲ್. ಅವ್ರ್ ಹೇಳ್ಲಿಲ್ಲ ಇನ್ನೂ” ಎಂದರು. ಮಾವನ ಜೊತೆ ಕೆಲಸ ಮಾಡಿದ್ದ ಅದೇ ಡ್ರೈವರ್!

ಗದ್ದೆಯ ಅಂಚಿನಲ್ಲಿ ಅತ್ತೆ ಏದುಸಿರು ಬಿಡುತ್ತಾ ಬರುತ್ತಿದ್ದರು, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಕಿಟಕಿಯಿಂದ ಅದನ್ನು ನನ್ನ ಮಡಿಲಿಗೆ ಹಾಕಿದರು. ಇನ್ನೂ ಬಿಸಿಯಿದ್ದ ಕಡುಬು. ಮಾವ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಬಸ್ಸಿಗೆ ಎರಡು ಏಟು ಹಾಕಿದರು.

ಧಬ್, ಧಬ್.

ಬಸ್ಸು ಹೊರಟಿತು. ನಾನು ಅಳುತ್ತಿದ್ದುದನ್ನು ನೋಡಿ ಪಕ್ಕದಲ್ಲಿದ್ದ ಹೆಂಗಸು, “ಎಂತ ಆಯ್ತ್ ಮಾರಾಯ್ತಿ?” ಎಂದು ಕೇಳಿದರು.

ಕಣ್ಣೊರೆಸಿಕೊಂಡು, “ರೈಟ್” ಅಂದೆ.