ಮೈಯೊಳಗಿನ ಬೂಸರು

ನಾನು ನರ್ಸ್ ಆಗಿದ್ದ ಮುರಗೋಡ ಕಡೆಯ ಸಣ್ಣ ದವಾಖಾನೆಗೆ ನಗಿಸಲೆಂದು ಯಾರೂ ಬರುತ್ತಿರಲಿಲ್ಲ. ಎಲ್ಲರೂ ಹೆದರಿಕೊಂಡೇ ಬರುತ್ತಿದ್ದರು. ಅವರ ಮುಖ ನೋಡಿ ನಾನೂ ಹೆದರುತ್ತಿದ್ದೆ. ನಗು ಬರುತ್ತಿದ್ದದ್ದು ಎಲ್ಲ ಮುಗಿದು ಕೈ ತೊಳೆಯುವಾಗ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಅಂಥ ಪ್ರಸಂಗಗಳಿಗೆ ಬರವಿರಲಿಲ್ಲ. ಅದರಲ್ಲೂ ಮೈಯೊಳಗೆ ಬೂಸರು ಹಬ್ಬುವ ಕಾಯಿಲೆಯಿಂದ ನಾನು ಬೆವರಿದಷ್ಟು ಬೇರಾವುದರಿಂದಲೂ ಬೆವರಲಿಲ್ಲ. ಇದು ಹಿಟ್ಟನ್ನು ಹುಳಿ ಬರಿಸಿ ಉಬ್ಬಿಸುವ ಜೀವಿಯ ಸಂಬಂಧಿ. ಎಷ್ಟೋ ಜನರ ಮೈಯಲ್ಲಿ ಸುಮ್ಮನೆ ಕೂತಿರುತ್ತದೆ, ಆಸ್ಪದ ಸಿಕ್ಕರೆ ಬೆಳೆಯುತ್ತದೆ.

ಜಾಂಬಳಿ ಬಾಯಿ

ಒಬ್ಬ ಅಜ್ಜಿ ಒಂದೂವರೆ ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಕೂಸಿನ ನಾಲಿಗೆ ತುಂಬ ಬೆಳ್ಳಗೆ.

"ಹಾಲಿನ ಕೆನಿ ಅಂತ ಅರಬಿಲೆ ಒರಸಿದ್ನೆವಾ, ರಕ್ತ ಬಂತು. ನಿನ್ನಿಯಿಂದ ಮಲಿ ಮುಟ್ಟವಲ್ದು," ಎಂದು ಸೆರಗು ಬಾಯಿಗಿಟ್ಟಳು.

ಒರಸಿದರೆ ಹೋಗುವುದು ಹಾಲು, ಹೋಗದೆ ರಕ್ತ ಬಂದರೆ ಅದು ಬೂಸರು ಎಂದು ಡಾಕ್ಟರರು ತಿಳಿಸಿ ಹೇಳಿದರು. ನಾನು ಹತ್ತಿಯಲ್ಲಿ ಜಾಂಬಳಿ, ಅಂದರೆ ನೇರಳೆ ಬಣ್ಣದ ಔಷಧ ಅದ್ದಿ ಕೂಸಿನ ಬಾಯಿಗೆಲ್ಲ ಹಚ್ಚಿದೆ. ತಾಯಿಯ ಎದೆಗೂ ಹಚ್ಚಿಕೊಳ್ಳಲು ಸ್ವಲ್ಪ ಕೊಟ್ಟು ಕಳಿಸಿದೆ.

ಮರುದಿನ ಬೆಳಗ್ಗೆ ನಾನಿನ್ನೂ ಬಾಗಿಲು ತೆರೆಯುತ್ತಿದ್ದೆ. ಒಬ್ಬ ಗಂಡಸು ಗಂಟು ಎದೆಗವಚಿಕೊಂಡು ಓಡಿ ಬಂದ. ಗಲ್ಲ, ಕುತ್ತಿಗೆ, ಅಂಗಿ ಎಲ್ಲ ನೀಲಿ.

"ಹಾವು ಮುಟ್ಟೇತ್ರಿ ಅಕ್ಕಾರ! ವಿಷ ಏರೇತಿ!"

ನನ್ನ ಕೈಯಿಂದ ಕೀಲಿಕೈ ಬಿತ್ತು. "ಯಾರಿಗ್ರಿ?"

"ನನ್ನ ಮಗಗ್ರಿ! ರಾಮದುರ್ಗದಿಂದ ಈಗ ಬಂದೆ. ತೊಟ್ಟಲದಾಗ ನೋಡಿದ್ರ ಬಾಯಿ ನೀಲಿ ಆಗೇತಿ!"

ಗಂಟು ಬಿಚ್ಚಿದರೆ ನಿನ್ನೆಯ ಕೂಸು. ಅಪ್ಪನ ಗಲ್ಲಕ್ಕೆ ಜೊಲ್ಲು ಹಚ್ಚಿ ಹಚ್ಚಿ ಆಯಾಸಗೊಂಡು ನಿದ್ದೆ ಹೋಗಿತ್ತು. ನನಗೆ ಜೀವ ಬಂತು.

"ಇದು ಔಷಧರಿ. ನೀವೊಮ್ಮೆ ನಿಮ್ಮ ಮಾರಿ ನೋಡಿಕೊಳ್ರಿ," ಎಂದೆ.

ಅವನು ಗಲ್ಲ ಮುಟ್ಟಿ ಕೈ ನೋಡಿಕೊಂಡ. 'ಔಷಧ' ಎಂದದ್ದು ಅವನ ಕಿವಿಗೇ ಬಿದ್ದಿರಲಿಲ್ಲ.

"ಯವ್ವಾ, ನನಗೂ ಏರೇತಿ!" ಎಂದು ಅಲ್ಲೇ ಮಲಗಿಬಿಟ್ಟ.

ಮಾಸ್ತರರ ನಾಲಿಗೆ

ಒಬ್ಬರು ಸಾಲಿ ಮಾಸ್ತರರು ಬಂದರು. ಕೂರಲಿಲ್ಲ, ಮಾತಾಡಲಿಲ್ಲ. ಪಾಟಿಯ ಮೇಲೆ 'ಕ್ಯಾನ್ಸರ್' ಎಂದು ಬರೆದು ತೋರಿಸಿ ನಾಲಿಗೆ ಚಾಚಿದರು. ಜೊತೆಗೆ ಕಿತ್ತೂರಿನಿಂದ ಬಂದಿದ್ದ ತಂಗಿ ಬಾಗಿಲಲ್ಲಿ ನಿಂತು ಆಗಲೇ ಅಳತೊಡಗಿದ್ದಳು. ನಾಲಿಗೆಯ ಮೇಲೆ ಮೊಸರು ಒಡೆದಂತೆ ಬಿಳಿ ಬಿಳಿ. ಡಾಕ್ಟರರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

"ಏನರ ಗುಳಿಗಿ ತೊಗೊಳ್ಳಾಕಹತ್ತೀರೇನು?"

ಮಾಸ್ತರರು ಕಿಸೆಯಿಂದ ಡಬ್ಬಿ ತೆಗೆದರು. ಕೆಮ್ಮಿಗೆಂದು ಯಾವಾಗಲೋ ಕೊಟ್ಟಿದ್ದ ಕ್ಯಾಪ್ಸೂಲುಗಳು ಗುಣ ಕೊಟ್ಟವೆಂದು, ಅಂಗಡಿಯಿಂದ ತಂದು ತಂದು ಎರಡು ತಿಂಗಳು ನುಂಗಿದ್ದರು. ನೆಗಡಿಗೆ ಒಂದು, ಮೈಕೈ ನೋವಿಗೆ ಒಂದು, ಇನ್‌ಸ್ಪೆಕ್ಟರರು ಸಾಲಿಗೆ ಬರುವ ದಿನ ಮುಂಜಾಗ್ರತೆಗೆ ಎರಡು.

"ಮಾಸ್ತರ್ರ, ಬಾಯಾಗ ಒಳ್ಳೆ ಕ್ರಿಮಿನೂ ಇರ್ತಾವು. ಬೂಸರಿಗೆ ಅವು ಜಾಗ ಬಿಡೂದಿಲ್ಲ. ಈ ಗುಳಿಗಿ ಅವನ್ನ ಕೊಂದು ಹಾಕೇತಿ. ಬೂಸರಕ್ಕ ಹೊಲ ಖುಲ್ಲಾ ಸಿಕ್ಕೇತಿ. ಕ್ಯಾನ್ಸರಲ್ಲ ಏನಲ್ಲ, ಇದನ್ನ ಬಿಡ್ರಿ. ಬ್ಯಾರೆ ಔಷಧ ಕೊಡತೇನಿ."

ತಂಗಿ ಕಣ್ಣೊರೆಸಿಕೊಂಡಳು. ನಾಲಿಗೆ ಬೆಳ್ಳಗಾದ ಹದಿನೈದು ದಿನದಲ್ಲಿ ಮಾಸ್ತರರಿಗೆ ಮೊದಲ ಬಾರಿ ದನಿ ಬಂತು:

"ಹಂಗಾರ ಸಾಹೇಬ್ರ, ಈ ಹೊಸಾ ಔಷಧ ಕೆಮ್ಮಿಗೂ ನಡೀತೈತೇನ್ರಿ?"

ಮಾತು ಬಿಟ್ಟಾಕಿ

ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಮೂರು ವಾರ ಸತತ ಬಂದಳು. ಮೊದಲ ವಾರ ತಲೆನೋವು ಎಂದಳು, ಎರಡನೆಯ ವಾರ ಮೊಣಕಾಲು. ಮೂರನೆಯ ವಾರ ಏನೂ ಹೇಳದೆ ಬೆಂಚಿನ ಮೇಲೆ ಕೂತೇ ಇದ್ದಳು. ಡಾಕ್ಟರರು ಸವದತ್ತಿಗೆ ಹೋಗಿದ್ದರು. ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದಳು.

"ಅಕ್ಕಾರ, ಹೇಳಬಾರದ ಜಾಗಾದಾಗ ತುರಿಕಿ. ಆರು ತಿಂಗಳಾತು. ಉರಿ ತಡಕೊಳ್ಳಾಕ ಆಗವಲ್ದು."

"ಮನ್ಯಾಗ ಹೇಳಿಲ್ಲೇನ್ರಿ?"

ಅವಳ ಕಣ್ಣು ತುಂಬಿತು. "ಯಾರಿಗೆ ಹೇಳ್ಲಿ? ನಮ್ಮ ಮನಿಯವರು ವಾರಾ ವಾರಾ ಬೈಲಹೊಂಗಲ ಸಂತಿಗೆ ಹೋಗತಾರ. ಅಲ್ಲಿ ಎಲ್ಲೆರ ಹೋಗಿ ಈ ಕೆಟ್ಟ ರೋಗ ತಂದಾರ. ಅವತ್ತಿಂದ ನಾ ಅವರ ಕೂಡ ಮಾತು ಬಿಟ್ಟೇನಿ."

ಅವಳ ಮಾತು ನಿಜವಾದರೆ ಮೂವತ್ತು ವರ್ಷದ ಸಂಸಾರ ನನ್ನ ಬಾಯಿಯ ಒಂದು ಮಾತಿನಿಂದ ಒಡೆಯುತ್ತದೆ. ಪರೀಕ್ಷಿಸಿದೆ. ಮೊಸರಿನಂಥ ಬಿಳಿ, ಸುತ್ತ ಕೆಂಪು. ಬೆರಳ ಸಂದಿಯಲ್ಲೂ ಚರ್ಮ ಬೆಳ್ಳಗೆ ನೆನೆದಂತಿತ್ತು. ಒಮ್ಮೆಲೇ ಏನೋ ಹೊಳೆಯಿತು.

"ನೀರಡಿಕಿ ಬಾಳ ಆಗತೈತೇನ್ರಿ?"

"ಕೊಡ ಕುಡದ್ರೂ ಸಾಲೂದಿಲ್ಲ."

ಅವಳ ಮೂತ್ರದ ಎಂಟು ಹನಿಗಳನ್ನು ಪರೀಕ್ಷೆಯ ನೀಲಿ ನೀರಿಗೆ ಹಾಕಿ ದೀಪದ ಮೇಲೆ ಕಾಸಿದೆ. ನಳಿಕೆಯನ್ನು ಬೆಳಕಿಗೆ ಹಿಡಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಂಗಿಯ ಹಾಗೆ ಕೆಂಪಾಯಿತು. ಸಕ್ಕರೆ ಕಾಯಿಲೆ! ಮೈಯಲ್ಲಿ ಸಕ್ಕರೆ ಏರಿದರೆ ಬೂಸರಿಗೆ ಅದೇ ಹಬ್ಬ. ಗಂಡನ ತಪ್ಪು ಇದರಲ್ಲಿ ಏನೂ ಇರಲಿಲ್ಲ.

ಮರುದಿನ ಡಾಕ್ಟರರು ಗಂಡನನ್ನೂ ಕರೆಸಿದರು. ತಲೆಗೆ ದೊಡ್ಡ ಪಟಗ ಸುತ್ತಿದ್ದ ಆ ಮನುಷ್ಯ ಮೂಲೆಯಲ್ಲಿ ಮುದುಡಿ ನಿಂತ.

"ಆರು ತಿಂಗಳಾತ್ರಿ, ಯಾಕ ಸಿಟ್ಟಾಗ್ಯಾಳಂತ ಹೇಳವಲ್ಲಳು. ಸಮಾಧಾನ ಆಗ್ಲಿ ಅಂತ ವಾರಾ ಸಂತಿಂದ ಒಂದು ಕಿಲೋ ಪೇಢೆ ತರತೇನಿ. ಮಾತಾಡೂದಿಲ್ಲ, ಪೇಢೆ ಅಷ್ಟ ತಿಂತಾಳ."

ಡಾಕ್ಟರರು ತಲೆ ಹಿಡಿದುಕೊಂಡು, ಇಬ್ಬರನ್ನೂ ಕೂರಿಸಿ ಎಲ್ಲ ಬಿಡಿಸಿ ಹೇಳಿದರು. ಸಿಹಿ ಬಂದ್, ಇಂತಿಂಥ ಗುಳಿಗೆ, ತುರಿಕೆ ತಾನಾಗಿ ಇಳಿಯುತ್ತದೆ.

"ಹಂಗಾರ ನನ್ನ ತಪ್ಪು ಏನೂ ಇಲ್ಲಲ್ರಿ?" ಎಂದ ಗಂಡ.

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣಲ್ಲಿ ನೀರಿತ್ತು. ಈಗ ಕ್ಷಮೆ ಕೇಳುತ್ತಾಳೆ ಎಂದು ನಾನೂ ಸೆರಗು ಕಣ್ಣಿಗೊತ್ತಿಕೊಂಡೆ. ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾರ, ಇವರದೂ ಒಂದಿಷ್ಟು ಕಾಸಿ ನೋಡ್ರಿ. ಕಿಲೋ ಅಂತಾರಲ್ಲ, ಪೇಢೇದ ಪುಡಕಿ ಒಂದು ದಿನಾನೂ ಅರ್ಧಾ ಕಿಲೋಕಿಂತ ಹೆಚ್ಚು ಮನಿ ಮುಟ್ಟಿಲ್ಲ!"

ಗಂಡ ಮೂತ್ರ ಹಿಡಿಯುವ ಬಾಟ್ಲಿಗೆ ಕೈ ಚಾಚಿದ.