ಮಡಿ ಮನೆಯ ಕಪ್ಪೆರಾಯ

ನಮ್ಮ ದೊಡ್ಡಮ್ಮನ ಮಡಿಗೆ ಸರಿಯಾಗಿ ಹೊಂದಿಕೊಂಡು ಬಾಳಿದ ಜೀವ ಈ ಭೂಮಿಯ ಮೇಲೆ ಒಂದೇ ಒಂದು. ದೊಡ್ಡಪ್ಪ ಇರಬೇಕು ಅಂದುಕೊಂಡಿರಾ? ಪಾಪ, ಅವರು ಮದುವೆಯಾದಂದಿನಿಂದ ಪ್ರಯತ್ನಪಟ್ಟು ನಪಾಸಾದವರು. ಪಾಸಾದದ್ದು ಒಂದು ಕಪ್ಪೆ!

ನೀವೇ ಯೋಚಿಸಿ ನೋಡಿ. ಸೋಪಿನ ಕೈಯಲ್ಲಿ ಮುಟ್ಟಬಾರದು. ಸುಮ್ಮಸುಮ್ಮನೆ ಮುಟ್ಟಲೇಬಾರದು. ಆಗಷ್ಟೇ ಕೊಳಾಯಿಯಿಂದ ಹಿಡಿದ ನೀರು ಆಗದು. ಮೈ ಯಾವಾಗಲೂ ಒದ್ದೆಯಾಗಿರಬೇಕು. ಇವು ದೊಡ್ಡಮ್ಮನ ಕಟ್ಟಳೆಗಳೋ ಕಪ್ಪೆಯ ಕಟ್ಟಳೆಗಳೋ ಎಂದು ಯಾರಾದರೂ ಬೇರ್ಪಡಿಸಿ ಹೇಳಿದರೆ ಅವರಿಗೊಂದು ದೊಡ್ಡ ನಮಸ್ಕಾರ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಇಂದಿರಾನಗರದ ಕಚೇರಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ವಾಸ ಹಲಸೂರಿನ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಪ್ಪ ವಿಮಾನಪುರದ ವಿಮಾನ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಮಾತು ಬಹಳ ಕಡಿಮೆ. ಮನೆಯಲ್ಲಿ ಮಾತಾಡುವ ಕೆಲಸವನ್ನೆಲ್ಲ ದೊಡ್ಡಮ್ಮನೇ ವಹಿಸಿಕೊಂಡಿದ್ದಳು.

ಶುಕ್ರವಾರದ ಪೂಜೆಯ ಹೂವಿಗೆ ದೊಡ್ಡಮ್ಮ ಶಿವಾಜಿನಗರದ ಮಾರುಕಟ್ಟೆಗೇ ಹೋಗಬೇಕು. ಬೇರೆ ಕಡೆಯ ಹೂವು ದೇವರಿಗೆ ಒಗ್ಗುವುದಿಲ್ಲವಂತೆ! ಬುಟ್ಟಿ ಹೊರಲು ನಾನು. ಅವತ್ತು ಜನಜಂಗುಳಿ ತಪ್ಪಿಸಿಕೊಳ್ಳಲು ಪಕ್ಕದ ಓಣಿಗೆ ನುಗ್ಗಿದೆವು. ಅಲ್ಲಿ ಗಿಳಿ, ಮೊಲ, ಬಣ್ಣದ ಮೀನು ಮಾರುವ ಅಂಗಡಿಯೊಂದಿತ್ತು. ಸುಡುಬಿಸಿಲಿನಲ್ಲಿ ಒಂದು ಗಾಜಿನ ತೊಟ್ಟಿ. ಅದರ ತುಂಬ ಹಸಿರುಗಟ್ಟಿದ ನೀರು, ನೀರಿನಲ್ಲಿ ಒಂದರ ಮೇಲೊಂದು ಕಪ್ಪೆಗಳು. ಹತ್ತಿ ಕೂರಲು ಒಂದು ಕಲ್ಲಾದರೂ ಬೇಡವೇ? ಒಂದು ಕಪ್ಪೆ ಮುಂಗಾಲಿನಲ್ಲಿ ಗಾಜನ್ನು ಕೆರೆದು ಮೇಲೇರುವುದು, ಜಾರುವುದು, ಮತ್ತೆ ಕೆರೆಯುವುದು. ದೊಡ್ಡಮ್ಮ ಅಲ್ಲೇ ನಿಂತುಬಿಟ್ಟಳು.

"ಇವು ಕೂತ್ಕೊಳ್ಳೋಕೆ ಜಾಗ ಎಲ್ಲಪ್ಪ?"

"ಕಪ್ಪೆಗೆ ನೀರೇ ಅಲ್ವಾಮ್ಮ ಜಾಗ. ಈಜ್ಕೊಂಡಿರ್ತವೆ," ಎಂದ ಅಂಗಡಿಯಾತ.

"ನಿನ್ನ ತಗೊಂಡೋಗಿ ಹಲಸೂರು ಕೆರೆ ಮಧ್ಯದಲ್ಲಿ ಬಿಟ್ಟು, ಈಜ್ಕೊಂಡಿರ್ತಾನೆ ಬಿಡಿ ಅಂದ್ರೆ?"

ಆತ ನಕ್ಕ. "ಸಾಯೋದು ಸಾಯ್ತದೆ ಅಮ್ಮ. ಬೇರೆ ತರಿಸ್ತೀವಿ."

ಅಷ್ಟೇ ಸಾಕಾಯಿತು. ದೇವರ ಹೂವಿಗೆಂದು ತಂದ ಹಣ ಅಂಗಡಿಯಾತನ ಕೈ ಸೇರಿತು. ಬುಟ್ಟಿಯಲ್ಲಿ ಮಲ್ಲಿಗೆ ಇರಬೇಕಾದ ಜಾಗದಲ್ಲಿ, ಒದ್ದೆ ಬಟ್ಟೆಯ ಕೆಳಗೆ, ಗಾಜು ಕೆರೆಯುತ್ತಿದ್ದ ಕಪ್ಪೆರಾಯ ಕೂತ. ಆಟೋದವನು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಲೇ ಇದ್ದ.

ಅಂಗಡಿಯಾತನ ಗ್ರಹಚಾರ ಅಲ್ಲಿಗೇ ಮುಗಿಯಲಿಲ್ಲ. ಪ್ರತಿ ಶುಕ್ರವಾರ ದೊಡ್ಡಮ್ಮನ ತಪಾಸಣೆ ಶುರುವಾಯಿತು. ಕೂರಲು ಇಟ್ಟಿಗೆ ಎಲ್ಲಿ? ನೆರಳಿಗೆ ಗೋಣಿ ಎಲ್ಲಿ? ನೀರು ಬದಲಿಸಿದ್ದು ಯಾವಾಗ? ಕೆಲವೇ ವಾರಗಳಲ್ಲಿ, ದೊಡ್ಡಮ್ಮ ಓಣಿಯ ತಿರುವಿನಲ್ಲಿ ಕಂಡರೆ ಸಾಕು, ತೊಟ್ಟಿಗೆ ಇಟ್ಟಿಗೆ ಬೀಳುವ ಸದ್ದು ನಮಗೆ ಕೇಳುತ್ತಿತ್ತು! ಅವಳು ಬೆನ್ನು ತಿರುಗಿಸಿದ ಮೇಲೆ ಅದನ್ನು ಮತ್ತೆ ತೆಗೆಯುತ್ತಿದ್ದನೇನೋ. ಅದು ಗೊತ್ತಿದ್ದೇ ದೊಡ್ಡಮ್ಮ ಓಣಿಯ ಕೊನೆಯವರೆಗೆ ಹೋಗಿ, ಏನೋ ಮರೆತವಳಂತೆ ವಾಪಸು ಬರುತ್ತಿದ್ದಳು. ಕೊನೆಗೆ ಅವನಿಗೇ ಸಾಕಾಗಿ ಇಟ್ಟಿಗೆಗಳನ್ನು ಅಲ್ಲೇ ಬಿಟ್ಟ.

ಇತ್ತ ಮನೆಯಲ್ಲಿ ಕಪ್ಪೆರಾಯನನ್ನು ಮೊದಲ ದಿನ ಬಿದಿರಿನ ಮಂಕರಿಯ ಕೆಳಗೆ ಇಟ್ಟೆವು. ಬೆಳಿಗ್ಗೆ ಎದ್ದು ನೋಡಿದರೆ ಮಂಕರಿ ಇದೆ, ಕಪ್ಪೆ ಇಲ್ಲ. ಮನೆಯೆಲ್ಲ ಜಾಲಾಡಿದೆವು. ನನಗೂ ದೊಡ್ಡಪ್ಪನಿಗೂ ಪ್ರವೇಶವಿಲ್ಲದ ದೇವರ ಕೋಣೆಯಲ್ಲಿ, ದೀಪದ ಕಂಬದ ಪಕ್ಕ ಮಹಾರಾಯ ವಿರಾಜಮಾನನಾಗಿದ್ದಾನೆ! ಇನ್ನು ಇವನ ಕಥೆ ಮುಗಿಯಿತು ಎಂದುಕೊಂಡೆ. ದೊಡ್ಡಮ್ಮ ಬಗ್ಗಿ ನೋಡಿ ಹೇಳಿದಳು, "ಇರ್ಲಿ ಬಿಡು. ನಿಮ್ಮ ಥರ ಅಲ್ಲ, ಸ್ನಾನ ಮಾಡ್ಕೊಂಡೇ ಬಂದಿದಾನೆ."

ಆದರೂ ಭದ್ರವಾದ ಮನೆಯೊಂದು ಬೇಕಲ್ಲ. ಆ ಕೆಲಸ ದೊಡ್ಡಪ್ಪನಿಗೆ ಬಿತ್ತು. ಅವರು ಹಳೆಯ ಮೀನಿನ ತೊಟ್ಟಿಯೊಂದನ್ನು ತಂದರು. ಅರ್ಧಕ್ಕೆ ಗೊಬ್ಬರ ಸೋಕದ ಮಣ್ಣು, ಅರ್ಧಕ್ಕೆ ನೀರು. ನೀರಿನಿಂದ ಹತ್ತಿ ಬರಲು ಓರೆಯಾಗಿ ಒಂದು ಹೆಂಚು. ಅಡಗಿ ಕೂರಲು ಕವುಚಿ ಹಾಕಿದ ತೆಂಗಿನ ಚಿಪ್ಪು. ಮೇಲೆ ಗಾಳಿಯಾಡುವ ಜಾಲರಿಯ ಮುಚ್ಚಳ. ಆ ಮುಚ್ಚಳಕ್ಕೆ ರಿವೆಟ್ಟು, ಕೀಲು, ಅಗುಳಿ! ಕಪ್ಪೆಯಿರಲಿ, ಚಿರತೆ ಹಾಕಿದರೂ ಹೊರಗೆ ಬರುವಂತಿರಲಿಲ್ಲ. ಇಷ್ಟೆಲ್ಲ ಯಾಕೆ ದೊಡ್ಡಪ್ಪ ಎಂದರೆ, "ವಿಮಾನ ಹಾರ್ಬೇಕು, ಇವನು ಹಾರ್ಬಾರ್ದು. ಅಷ್ಟೇ ವ್ಯತ್ಯಾಸ," ಎಂದರು. ಆ ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು.

ಊಟದ್ದೇ ದೊಡ್ಡ ಸಮಸ್ಯೆ. ಈರುಳ್ಳಿಯೂ ಒಳಗೆ ಬಾರದ ಮನೆ ಅದು. ದೊಡ್ಡಮ್ಮ ಮೊಸರನ್ನ ಕಲಸಿಟ್ಟಳು, ಕಪ್ಪೆರಾಯ ಅದರ ಮೇಲೆ ಕಾಲಿಟ್ಟು ದಾಟಿ ಹೋದ. ಕೋಸಂಬರಿಯನ್ನೂ ತಿರಸ್ಕರಿಸಿದ. ಕಡೆಗೆ ದೊಡ್ಡಪ್ಪ ದಿನವೂ ಸಂಜೆ ಟಿಫನ್ ಡಬ್ಬಿ ಹಿಡಿದು ಕೆರೆಯ ದಂಡೆಗೆ ಮಿಡತೆ ಹಿಡಿಯಲು ಹೊರಟರು. ವಾಕಿಂಗಿಗೆ ಬಂದವರೊಬ್ಬರು ಕುತೂಹಲ ತಾಳಲಾರದೆ ಕೇಳಿಯೇಬಿಟ್ಟರು, "ಯಾಕ್ ಸಾರ್ ಇದೆಲ್ಲ?"

"ಮನೇಲಿ ತಿಂತಾರೆ," ಎಂದರು ದೊಡ್ಡಪ್ಪ.

ಸುಳ್ಳೇನೂ ಅಲ್ಲವಲ್ಲ! ಆದರೆ ಆ ಮನುಷ್ಯರು ಆಮೇಲೆ ದೊಡ್ಡಮ್ಮ ಎದುರಿಗೆ ಬಂದಾಗಲೆಲ್ಲ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು.

ಹೀಗೆ ಎಲ್ಲವೂ ಚೆನ್ನಾಗಿ ನಡೆದಿತ್ತು. ಯುಗಾದಿ ಕಳೆದ ಮೇಲೆ ದೊಡ್ಡಮ್ಮನಿಗೆ ಹೊಸದೊಂದು ಯೋಚನೆ ಬಂತು. ಅಲ್ಲಿಯವರೆಗೆ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನು ಕಪ್ಪೆಗೆ ಹಾಕುತ್ತಿದ್ದಳು. ತನಗೆ ಮಾತ್ರ ಹುಣಿಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಂಡೆಯ ಮಡಿ ನೀರು. "ನಾನು ಒಳ್ಳೇ ನೀರು ಕುಡಿದು ಅವನಿಗೆ ಬಕೆಟ್ ನೀರು ಹಾಕೋದು ಯಾವ ನ್ಯಾಯ ಕಣೇ?" ಎಂದು, ದಿನವೂ ಹಂಡೆಯ ನೀರನ್ನೇ ತೊಟ್ಟಿಗೆ ತುಂಬತೊಡಗಿದಳು.

ಸ್ವಲ್ಪ ದಿನಗಳಲ್ಲೇ ಕಪ್ಪೆರಾಯ ಮಂಕಾದ. ಮೈಯ ಹೊಳಪು ಹೋಯಿತು. ಮಿಡತೆ ಮೂಗಿನ ಮೇಲೆ ಕೂತರೂ ನೋಡಲೊಲ್ಲ. ದೊಡ್ಡಮ್ಮ ನೀರನ್ನು ಇನ್ನಷ್ಟು ಸಲ ಬದಲಿಸಿದಳು. ಅವನು ಇನ್ನಷ್ಟು ಸೊರಗಿದ. ಊಟದ ಹೊತ್ತಿಗೆ ಅವಳ ತಟ್ಟೆಯೂ ಕವುಚಿಟ್ಟಲ್ಲೇ ಇರತೊಡಗಿತು. ಕೇಳಿದರೆ, "ಆಮೇಲೆ ಉಣ್ತೀನಿ ಹೋಗೇ," ಎಂಬ ಒಂದೇ ಉತ್ತರ.

ಪುಲಿಕೇಶಿನಗರದಲ್ಲಿ ಪ್ರಾಣಿಗಳ ಡಾಕ್ಟರರೊಬ್ಬರಿದ್ದರು. ಪಾಮರೇನಿಯನ್‌ಗಳೂ ಆಲ್ಸೇಷಿಯನ್‌ಗಳೂ ಸಾಲಾಗಿ ಕೂತಿದ್ದ ಕಡೆ ನಾವು ಡಬ್ಬಿ ಹಿಡಿದು ಕೂತೆವು. ಡಾಕ್ಟರಮ್ಮ ಕಪ್ಪೆಯನ್ನು ತಿರುಗಿಸಿ ನೋಡಿ ಕೇಳಿದರು, "ನೀರು ಯಾವುದು ಹಾಕ್ತೀರಮ್ಮ?"

ದೊಡ್ಡಮ್ಮ ನೆಟ್ಟಗೆ ಕೂತಳು. "ಶುದ್ಧವಾದ ನೀರು. ರಾತ್ರಿಯೆಲ್ಲ ತಾಮ್ರದ ಹಂಡೇಲಿ ಇಟ್ಟಿದ್ದು."

ಡಾಕ್ಟರಮ್ಮ ಕಪ್ಪೆಯನ್ನು ಮೆಲ್ಲಗೆ ಡಬ್ಬಿಗೆ ಬಿಟ್ಟರು. "ಅಮ್ಮ, ಕಪ್ಪೆ ನಮ್ಮ ಹಾಗೆ ಬಾಯಲ್ಲಿ ನೀರು ಕುಡಿಯಲ್ಲ. ಚರ್ಮದಲ್ಲೇ ಹೀರ್ಕೊಳ್ಳುತ್ತೆ. ನಮಗೆ ತಾಮ್ರ ಆಗುತ್ತೆ. ಇದಕ್ಕೆ ಅದು ವಿಷ. ಮಣ್ಣಿನ ಗಡಿಗೇಲಿಟ್ಟ ನೀರು ಹಾಕಿ ನೋಡಿ. ಉಳಿದ್ರೆ ಉಳೀತು."

ದಾರಿಯುದ್ದಕ್ಕೂ ದೊಡ್ಡಮ್ಮ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಆ ಅಂಗಡಿಯವನು ನೀರು ಬದಲಾಯಿಸ್ದೆ ಸಾಯಿಸ್ತಿದ್ದ. ನಾನು ಬದಲಾಯ್ಸಿ ಬದಲಾಯ್ಸಿ ಸಾಯಿಸ್ತಿದ್ದೆ." ನಾನು ಗಡಿಗೆ ತರಲು ಹೊರಟೆ.

ಗಡಿಗೆ ಬಂತು. ಊಟದ ಹೊತ್ತಿಗೆ ದೊಡ್ಡಮ್ಮ ತೊಟ್ಟಿಯ ಮುಂದೆ ಹೋಗಿ ಕೂರುವಳು. ಒಂದು ಲೋಟ ಮಜ್ಜಿಗೆ ಬಿಟ್ಟರೆ ಬೇರೇನೂ ಒಳಗೆ ಇಳಿಯುತ್ತಿರಲಿಲ್ಲ. ಅವನು ಉಂಡ ಮೇಲೆಯೇ ಇವಳು ಉಣ್ಣುವುದು ಎಂದು ನಮಗೆ ಅರ್ಥವಾಗಿತ್ತು. ಅವನು ಉಣ್ಣದಿದ್ದರೆ? ಆ ಪ್ರಶ್ನೆಯನ್ನು ನಾನೂ ದೊಡ್ಡಪ್ಪನೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ದೊಡ್ಡಪ್ಪ ಎಂದಿನಂತೆ ಮಿಡತೆಯೊಂದನ್ನು ಒಳಗೆ ಬಿಟ್ಟು ಅಗುಳಿ ಹಾಕಿದರು. ಅದು ತೆಂಗಿನ ಚಿಪ್ಪಿನ ಮೇಲೆ ಹತ್ತಿತು. ಕಪ್ಪೆರಾಯನ ಕಣ್ಣು ಅತ್ತ ಹೊರಳಿತು. ನಾವು ಮೂವರೂ ತೊಟ್ಟಿಯ ಹತ್ತಿರ ಬಗ್ಗಿದೆವು. ಮುಂಗಾಲು ಒಂದಿಷ್ಟು ಸರಿಯಿತು. ಟಪ್ಪೆಂದು ಒಂದು ಸದ್ದು, ಮಿಡತೆ ಇಲ್ಲ! ನಾನು ಕೂಗಿಕೊಂಡು ಕುಣಿದೇಬಿಟ್ಟೆ.

ದೊಡ್ಡಪ್ಪ ಕುಣಿಯಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋದರು. ಅನ್ನಕ್ಕೆ ತಿಳಿಸಾರು ಹಾಕಿ, ತಾವೇ ಕಲಸಿ, ತಟ್ಟೆಯನ್ನು ತಂದು ದೊಡ್ಡಮ್ಮನ ಪಕ್ಕದಲ್ಲಿಟ್ಟರು. "ಅವನದ್ದಾಯ್ತು. ಇನ್ನು ನೀನು ಉಣ್ಣು."

ದೊಡ್ಡಮ್ಮ ಒಂದು ತುತ್ತು ಬಾಯಿಗಿಟ್ಟುಕೊಂಡವಳು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಉಂಡಳು. ತೊಟ್ಟಿಯಿಂದ ಕಣ್ಣು ತೆಗೆಯದೆ ತಟ್ಟೆ ಖಾಲಿ ಮಾಡಿ, ಅದನ್ನು ದೊಡ್ಡಪ್ಪನ ಕಡೆಗೆ ಚಾಚಿದಳು.

"ಇನ್ನೊಂಚೂರು ಹಾಕಿ ರೀ. ತುಂಬಾ ಹಸಿವು."