ಕಪ್ಪೆ ಜಾಡಿಯ ಕೆಳಗಿನ ಅರ್ಜಿ

ಚಿಂತೆ ಮಾಡುವುದಕ್ಕೂ ಒಂದು ಯೋಗ್ಯತೆ ಬೇಕು. ಕೆಲವರು ದೇಶದ ಚಿಂತೆ ಮಾಡುತ್ತಾರೆ, ಕೆಲವರು ಪರಲೋಕದ ಚಿಂತೆ ಮಾಡುತ್ತಾರೆ. ನನ್ನ ಯೋಗ್ಯತೆ ಅಷ್ಟು ದೊಡ್ಡದಲ್ಲ. ಗ್ಯಾಸ್ ಆಫ್ ಮಾಡಿದ್ದೇವೋ ಇಲ್ಲವೋ ಎಂದು ಮದುವೆಮನೆಯ ಪಂಕ್ತಿಯಿಂದ ಎದ್ದು ಮನೆಗೆ ಬರುವವನು ನಾನು. ಆಫ್ ಆಗಿರುವುದನ್ನು ಕಣ್ಣಾರೆ ಕಂಡು, ಎಲ್ಲ ಸರಿಯಿದೆಯಲ್ಲ, ಹಾಗಾದರೆ ಎಡವಟ್ಟು ಇನ್ನೆಲ್ಲಿರಬಹುದು ಎಂದು ಹೊಸ ಚಿಂತೆ ಹಚ್ಚಿಕೊಂಡು ಹಿಂತಿರುಗುವಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ. "ಇವ್ರಿಗೆ ಚಿಂತಿ ಇಲ್ಲ ಅಂದ್ರೆ ಅದೇ ಒಂದು ಚಿಂತಿ" ಎಂದು ನನ್ನ ಹೆಂಡತಿ ಗಿರಿಜಾ ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಾಳೆ. ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಕಳೆದ ವರ್ಷ ನಾನು ಒಬ್ಬ ವಿದ್ಯಾರ್ಥಿನಿಯ ಅರ್ಜಿಯನ್ನು ಹನ್ನೊಂದು ದಿನ ಕಪ್ಪೆಯ ಜಾಡಿಯ ಕೆಳಗೆ ಬಚ್ಚಿಟ್ಟಿದ್ದೆ. ಬೈಯುವ ಮೊದಲು ಸ್ವಲ್ಪ ಕೇಳಿ.

ದಾವಣಗೆರೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಓಣಿಗೊಬ್ಬ ಡಾಕ್ಟರು, ಮನೆಗೊಬ್ಬ ಇಂಜಿನಿಯರು ತಯಾರಾಗುವ ಊರು ನಮ್ಮದು. ಇಲ್ಲಿ ಬಿ.ಎಸ್ಸಿ.ಗೆ ಬರುವವರು ಉಳಿದ ಬಾಗಿಲುಗಳನ್ನೆಲ್ಲ ತಟ್ಟಿ ಬಂದವರು. ಅದರಲ್ಲೂ ನನ್ನ ಸಬ್ಜೆಕ್ಟಿಗೆ ಬರುವವರು ಬಿ.ಎಸ್ಸಿ.ಯ ಒಳಗಿನ ಬಾಗಿಲುಗಳನ್ನೂ ತಟ್ಟಿ ಮುಗಿಸಿದವರು. ಆಡಳಿತ ಮಂಡಳಿಯದು ಒಂದೇ ನಿಯಮ: ಎರಡನೇ ವರ್ಷದಲ್ಲಿ ಹತ್ತು ಜನಕ್ಕಿಂತ ಕಡಿಮೆಯಾದರೆ ಆ ವಿಷಯ ಬಂದ್. ಕಳೆದ ವರ್ಷ ನನ್ನ ಬಳಿ ಇದ್ದವರು ಸರಿಯಾಗಿ ಹತ್ತು. ಹಾಜರಿ ಕರೆಯುವಾಗ ನನ್ನ ಎದೆಬಡಿತವನ್ನು ಮುಂದಿನ ಬೆಂಚಿನವರು ಕೇಳಬಹುದಿತ್ತು. ಯಾರಿಗಾದರೂ ಜ್ವರ ಬಂದರೆ ಅವರ ತಾಯಿಗಿಂತ ಮೊದಲು ನಾನು ಮಾತ್ರೆ ಹುಡುಕುತ್ತಿದ್ದೆ. ವಿಷಯ ಮುಚ್ಚಿದರೆ ನನ್ನ ಗತಿ ಏನೆಂದು ಪ್ರಿನ್ಸಿಪಾಲರನ್ನು ಕೇಳಿದ್ದಕ್ಕೆ ಅವರು, "ನೋಡೋಣ" ಎಂದಿದ್ದರು. ಐವತ್ತೊಂದನೇ ವಯಸ್ಸಿನಲ್ಲಿ ಕೇಳಬಾರದ ಮಾತೆಂದರೆ ಈ 'ನೋಡೋಣ'.

ಇಂಥ ಹೊತ್ತಿನಲ್ಲಿ ಚೈತ್ರಾ ಅರ್ಜಿ ಹಿಡಿದು ಬಂದಳು. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವ ಹುಡುಗಿ, ಹತ್ತರಲ್ಲಿ ಒಬ್ಬಳು, ಹತ್ತರಲ್ಲೇ ಜಾಣೆ. ಅವಳು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಿದ ಜಿರಳೆಯನ್ನು ಕಂಡು ಗಿರಿಜಾ ಚಪ್ಪಲಿ ಎತ್ತಿದ್ದುಂಟು.

"ಸರ್, ನಾನು ಈ ಕೋರ್ಸ್ ಬಿಡ್ತೀನ್ರಿ. ಬಟ್ಟೆ ಡಿಸೈನ್ ಕೋರ್ಸಿಗೆ ಸೇರ್ತೀನಿ. ಬೇರೆ ಕಾಲೇಜಾಗೆ ಸೀಟು ಐತ್ರಿ. ನೀವು ನನ್ನ ಮೆಂಟರ್ ಅಲ್ಲೇನ್ರಿ, ನಿಮ್ಮ ಅಭಿಪ್ರಾಯ ಬರೆದು ಸಹಿ ಹಾಕಿದ್ರೆ ಟಿ.ಸಿ. ಕೊಡ್ತಾರಂತೆ. ಬರೋ ಬುಧವಾರ ಬಿಟ್ಟು ಅದರ ಮುಂದಿನ ಬುಧವಾರ ಕಡೇ ದಿನ."

"ಬಟ್ಟೆನಾ? ಒಂದು ವರ್ಷ ಓದಿದ್ದು ನೀರಿಗೆ ಹಾಕ್ತೀಯಾ?" ಎಂದೆ. ಕಾಳಜಿಯ ದನಿ ಚೆನ್ನಾಗಿಯೇ ಬಂತು.

"ನೀರಿಗೆ ಯಾಕ್ರಿ?" ಎಂದವಳು ನನ್ನ ಮೇಜಿನ ಮೇಲಿದ್ದ ಒಂದು ಹಾಳೆಯನ್ನು ನಡುವೆ ಮಡಚಿ, ಮಡಿಕೆಗೆ ಒರಗಿಸಿ ಅರ್ಧ ಜಿರಳೆ ಬರೆದು, ಕತ್ತರಿಯಲ್ಲಿ ಕರಕರ ಕತ್ತರಿಸಿ, ಹಾಳೆ ಬಿಡಿಸಿದಳು. ಆರು ಕಾಲು, ಎರಡು ಮೀಸೆ, ಎಡಬಲ ಕನ್ನಡಿ ಹಿಡಿದಂತೆ ಪೂರ್ತಿ ಜಿರಳೆ. "ನೀವೇ ಹೇಳ್ಕೊಟ್ಟಿದ್ದಲ್ರಿ, ಪ್ರಾಣಿ ಎರಡೂ ಮಗ್ಗಲು ಒಂದೇ ಅಳತೆ ಅಂತ. ರಜೆಯಾಗೆ ಇಲ್ಲೇ ಪಕ್ಕದ ಕರೂರಿನ ಗಾರ್ಮೆಂಟ್ಸಿಗೆ ಚಿಕ್ಕಮ್ಮನ ಜೊತೆ ಹೋಗ್ತಿದ್ದೆ. ಅಲ್ಲಿ ಕಟಿಂಗ್ ಮಾಸ್ಟರು ಅಂಗಿನೂ ಹಿಂಗೇ ಅರ್ಧ ಬರೆದು ಮಡಚಿ ಕತ್ತರಿಸ್ತಾರೆ. ನನ್ನ ಗೆರೆ ನೋಡಿ, ನಿಂಗೆ ಈ ಕೈ ಎಲ್ಲಿಂದ ಬಂತು ಅಂದ್ರು. ಜಿರಳೆಯಿಂದ ಅಂದೆ."

ನಗಬೇಕಿತ್ತು, ನಗು ಬರಲಿಲ್ಲ. ನನಗೆ ಕಾಣುತ್ತಿದ್ದುದು ಒಂದೇ ಅಂಕಿ, ಒಂಬತ್ತು. "ಇಟ್ಟು ಹೋಗಮ್ಮ, ಯೋಚನೆ ಮಾಡಿ ಬರೀತೀನಿ" ಎಂದೆ. ಅವಳು ಅತ್ತ ಹೋದಳು, ಅರ್ಜಿ ಇತ್ತ ಫಾರ್ಮಲಿನ್‌ನಲ್ಲಿ ಮುಳುಗಿರುವ ದೊಡ್ಡ ಕಪ್ಪೆಯ ಜಾಡಿಯ ಕೆಳಗೆ ಹೋಯಿತು. ಬುಧವಾರ ದಾಟಲಿ, ಆಮೇಲೆ ಅವಳೇ ಸುಮ್ಮನಾಗುತ್ತಾಳೆ ಎಂಬುದು ನನ್ನ ಲೆಕ್ಕ. ದಿನಾ ಬಂದು, "ಸರ್, ಆತೇನ್ರಿ?" ಎನ್ನುತ್ತಿದ್ದಳು. ನಾನು ದಿನಾ ತಲೆ ಕೆರೆದುಕೊಳ್ಳುತ್ತಿದ್ದೆ. ಜಾಡಿಯೊಳಗಿನ ಕಪ್ಪೆಯೋ ಎರಡೂ ಕೈ ಚಾಚಿಕೊಂಡು, ತುಸು ಬಾಯಿ ತೆರೆದು, ಇನ್ನೇನು ಹೇಳಿಬಿಡುತ್ತದೆ ಎಂಬಂತೆ ನನ್ನನ್ನೇ ನೋಡುತ್ತಿತ್ತು. ಲ್ಯಾಬಿನ ಅಟೆಂಡರ್ ಖಾದರ್ ಸಾಬರು ಬಟ್ಟೆ ಹಿಡಿದು ಆ ಕಡೆ ಬಂದರೆ, "ಅದನ್ನ ಒರೆಸ್ಬೇಡಿ" ಎಂದು ಕೂಗುತ್ತಿದ್ದೆ. "ಯಾಕ್ರಿ ಸಾರ್, ಮರಿ ಹಾಕೈತೇನು?" ಎಂದು ಕೇಳಿದರು ಅವರು. ಈ ಪೂರ್ತಿ ವಿಭಾಗದಲ್ಲಿ ನನ್ನನ್ನು ಹೆದರಿಸಬಲ್ಲವರೆಂದರೆ ಅವರೊಬ್ಬರೇ.

ಕಳ್ಳನಿಗೂ ಒಂದು ನೆಮ್ಮದಿ ಇರುತ್ತದೆಯಂತೆ, ಚಿಂತೆಯ ಮನುಷ್ಯನಿಗೆ ಅದೂ ಇಲ್ಲ. ಅರ್ಜಿ ಬಚ್ಚಿಟ್ಟದ್ದು ಪಾಪ ಎಂದು ಒಂದು ಚಿಂತೆ, ಪಾಪ ಎಂದು ತಿಳಿದು ಸಹಿ ಹಾಕಿಬಿಟ್ಟೇನೋ ಎಂದು ಇನ್ನೊಂದು ಚಿಂತೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಅವಳ ಅಪ್ಪನೇ ಬೇಡ ಎಂದುಬಿಟ್ಟರೆ? ಆಗ ನನ್ನ ಕೈಯೂ ಶುದ್ಧ, ಲೆಕ್ಕವೂ ಹತ್ತು. ಕಡೇ ದಿನಕ್ಕೆ ಮೂರು ದಿನ ಇರುವಾಗ, ಭಾನುವಾರ, ಇಸ್ತ್ರಿ ಅಂಗಿ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. "ಹುಡುಗಿ ಭವಿಷ್ಯದ ಪ್ರಶ್ನೆ" ಎಂದು ಗಿರಿಜಾಗೆ ಹೇಳಿದೆ. "ಯಾವ ಹುಡುಗಿ? ಮನೇಲಿರಾ ಹುಡುಗಿ ಭವಿಷ್ಯ ಯಾವತ್ತು ಕೇಳೀರಿ?" ಎಂದಳು. ಬಸ್ಸು ತಪ್ಪುತ್ತದೆ ಎಂದು ಓಡಿದೆ.

ಚೈತ್ರಾಳ ಅಪ್ಪ ಕೊಟ್ರೇಶಪ್ಪನವರದು ಹರಿಹರದಲ್ಲಿ ಮನೆಗೆ ಅಂಟಿಕೊಂಡೇ ಇರುವ ಸಣ್ಣ ಲೇತ್ ಅಂಗಡಿ. ಕೈಯೊರೆಸಿಕೊಳ್ಳುತ್ತ ಎದ್ದು ಬಂದರು. "ಬರ್ರಿ ಸರ್, ಬರ್ರಿ, ಕೂಡ್ರಿ. ಏ ಇವಳೇ, ಚೈತ್ರನ ಸರ್ ಬಂದಾರೆ, ಮಂಡಕ್ಕಿ ಮೆಣಸಿನಕಾಯಿ ಮಾಡು." ಬಿಸಿ ಮೆಣಸಿನಕಾಯಿ ಬೋಂಡ ಬರುವಷ್ಟರಲ್ಲಿ ನನ್ನ ಭಾಷಣ ಮುಗಿದಿತ್ತು. ಮೀನುಗಾರಿಕೆ ಇಲಾಖೆ, ರೇಷ್ಮೆ ಇಲಾಖೆ, ಅರಣ್ಯ ಇಲಾಖೆ, ಪ್ರಾಣಿಶಾಸ್ತ್ರ ಓದಿದವರಿಗಾಗಿ ಕುರ್ಚಿ ಒರೆಸಿಟ್ಟುಕೊಂಡು ಕಾಯುತ್ತಿರುವ ಇಲಾಖೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ನನ್ನ ಇಪ್ಪತ್ತೇಳು ವರ್ಷಗಳ ಶಿಷ್ಯರಲ್ಲಿ ಅಲ್ಲಿಗೆ ಹೋದವರು ಎಷ್ಟು ಜನ ಎಂದು ಅವರು ಕೇಳಲಿಲ್ಲ. ದೇವರು ದೊಡ್ಡವನು.

ಕೊಟ್ರೇಶಪ್ಪ ತಲೆ ತಗ್ಗಿಸಿ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು: "ನಂಗೂ ಅದೇ ಹೆದರಿಕೆ ಐತ್ರಿ ಸರ್. ಒಂದು ಬಿಟ್ಟು ಇನ್ನೊಂದು ಹಿಡಿಯಾದು ಅಂದ್ರೆ ಸುಮ್ನೆ ಅಲ್ಲ. ನಮ್ ಫ್ಯಾಕ್ಟ್ರಿ ಮುಚ್ಚಿದಾಗ ನಂಗೆ ನಲವತ್ಮೂರು. ಮೂರು ತಿಂಗಳು ಈ ಕಟ್ಟೆ ಮ್ಯಾಲೆ ಕುಂತಿದ್ದೆ. ಆದ್ರೆ ನಂಗೇನ್ ಗೊತ್ತಾಗ್ತೈತ್ರಿ ಓದಿನ ವಿಷಯ? ಅದಕ್ಕೇ ಮಗಳಿಗೆ ಹೇಳೀನಿ, ನಿಮ್ಮ ಸರ್ ಹೂಂ ಅಂದ್ರೆ ಹೂಂ, ಬ್ಯಾಡ ಅಂದ್ರೆ ಬ್ಯಾಡ. ನೀವು ನಿಮ್ಮ ಮಗಳಿಗೆ ಹೆಂಗೆ ಮಾಡ್ತಿದ್ರೋ ಹಂಗೇ ಇವಳಿಗೂ ಹೇಳ್ರಿ."

ನೋಡಿ, ಗೆಲುವು ತಟ್ಟೆಯಲ್ಲಿ ಬೋಂಡದ ಪಕ್ಕದಲ್ಲೇ ಬಂದು ಕೂತಿತ್ತು. 'ಬೇಡ' ಎಂಬ ಎರಡಕ್ಷರ ಹೇಳಿದರೆ ಸಾಕು. ಅಡುಗೆಮನೆಯ ಬಾಗಿಲಲ್ಲಿ ಚೈತ್ರಾ ಖಾಲಿ ಲೋಟ ಹಿಡಿದು ನಿಂತಿದ್ದಳು. ಲೋಟ ಯಾಕೆ ಹಿಡಿದಿದ್ದಾಳೆ ಎಂಬುದು ಅವಳಿಗೂ ಗೊತ್ತಿದ್ದಂತಿರಲಿಲ್ಲ. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಕೊಟ್ರೇಶಪ್ಪ ಕೇಳಿದರು: "ಅಂದಂಗೆ ನಿಮ್ಮ ಮಗಳು ಏನ್ ಓದ್ತಾಳ್ರಿ ಸರ್? ಇದೇ ಪ್ರಾಣಿಶಾಸ್ತ್ರಾನೇ?"

ಅವರ ಮುಖದಲ್ಲಿ ಕುಹಕವಿದ್ದಿದ್ದರೆ ಜಗಳವಾಡಬಹುದಿತ್ತು. ಇರಲಿಲ್ಲ. "ಬಿ.ಕಾಂ." ಎಂದೆ.

"ಹೌದೇನ್ರಿ? ಯಾಕ್ರಿ?"

"ಅವಳಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ."

ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಮೆಣಸಿನಕಾಯಿ ನೆತ್ತಿಗೆ ಹತ್ತಿತು. ಚೈತ್ರಾ ಓಡಿಬಂದು ನೀರು ಕೊಟ್ಟಳು. ಲೋಟ ಅದಕ್ಕಾಯಿತು. ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ, "ಹೋಗಲಿ ಬಿಡಿ, ಕಳಿಸಿ" ಎಂದುಬಿಟ್ಟೆ. ತಮ್ಮ ಮಗಳ ಸಲುವಾಗಿ ಮೇಷ್ಟ್ರು ಅತ್ತರೆಂದು ಆ ಮನೆಯವರು ಇಂದಿಗೂ ನಂಬಿದ್ದಾರೆ.

ಸೋಮವಾರ ಜಾಡಿ ಎತ್ತಿ ಅರ್ಜಿ ತೆಗೆದೆ. ಅಭಿಪ್ರಾಯದ ಜಾಗದಲ್ಲಿ, 'ಒಳ್ಳೆಯ ಕೈ. ಕಳುಹಿಸಬಹುದು' ಎಂದು ಬರೆದೆ. ಅರ್ಜಿಯ ನಡುವೆ ಜಾಡಿಯ ತಳದ ದುಂಡನೆಯ ಕಲೆ ಎದ್ದುಬಿಟ್ಟಿತ್ತು. ಅದೇನೆಂದು ಹೊಸ ಕಾಲೇಜಿನ ಗುಮಾಸ್ತರು ಕೇಳಿದ್ದಕ್ಕೆ ಚೈತ್ರಾ, "ಡಿಪಾರ್ಟ್‌ಮೆಂಟಿನ ಸೀಲ್ರಿ" ಎಂದಳಂತೆ. ವಾಸನೆ ನೋಡಿದ ಮೇಲೆ ಅವರು ಅದನ್ನು ತುದಿಬೆರಳಲ್ಲಿ ಹಿಡಿದು ಫೈಲಿಗೆ ಸೇರಿಸಿದರಂತೆ.

ಒಂಬತ್ತಾದರು. ಪ್ರಿನ್ಸಿಪಾಲರು ನೋಡಿದರು. ಉಳಿದವರು ಪದವಿ ಮುಗಿಸುವವರೆಗೆ ನಾನು ಹೇಗೋ ನಡೆಸಬೇಕು, ಹೊಸಬರನ್ನು ಸೇರಿಸುವಂತಿಲ್ಲ, ಮಿಕ್ಕ ಹೊತ್ತು ಬಿ.ಕಾಂ.ನವರಿಗೆ ಕಂಪ್ಯೂಟರ್ ಪರಿಚಯದ ಪಾಠ ಮಾಡಬೇಕು. ನನಗೆ ಕಂಪ್ಯೂಟರಿನ ಪರಿಚಯ ಇಲ್ಲವಲ್ಲ ಸರ್ ಎಂದರೆ, "ಮಾಡ್ಕೊಳ್ರಿ" ಎಂದರು. ಹೀಗಾಗಿ ದಿನಾ ಸಂಜೆ, ನಮ್ಮ ಕಾಲೇಜಿನಲ್ಲೇ ಬಿ.ಕಾಂ. ಓದುವ ಮಗಳು ಸ್ಫೂರ್ತಿ ನನಗೆ ಪಾಠ ಹೇಳುತ್ತಾಳೆ, ಮರುದಿನ ಅದೇ ಪಾಠವನ್ನು ನಾನು ಅವಳ ತರಗತಿಯಲ್ಲಿ ಒಪ್ಪಿಸುತ್ತೇನೆ. ಅವಳು ಕೊನೇ ಬೆಂಚಿನಲ್ಲಿ ಕೂತು ಹಣೆ ಚಚ್ಚಿಕೊಳ್ಳುವುದು ನನಗೆ ಕಾಣುತ್ತದೆ. "ಅಪ್ಪಾ, ನಿಂಗೆ ಇದ್ರಾಗೆ ಆಸಕ್ತಿನೇ ಇಲ್ಲ. ಬಿಟ್ಟು ಬೇರೆ ಯಾವ್ದಾದ್ರೂ ತಗಾ" ಎಂದಳು ಮೊನ್ನೆ. ಅಮ್ಮ, ಮಗಳು ಇಬ್ಬರೂ ನಕ್ಕರು. ನನ್ನ ಅರ್ಜಿಗೆ ಮೆಂಟರ್ ಯಾರು ಎಂದು ನಾನು ಕೇಳಲಿಲ್ಲ.

ಕಳೆದ ವಾರ ಚೈತ್ರಾಳ ಫೋನು. "ಸರ್, ಒಂದು ಉಪಕಾರ ಆಗ್ಬೇಕಿತ್ರಿ. ಪರೀಕ್ಷೆಗೆ ಒಂದು ಅಂಗಿ ಹೊಲೀಬೇಕು. ಒಂದು ಕಷ್ಟದ ಮೈ ಹುಡುಕ್ಕೊಂಡು ಬರ್ರಿ ಅಂದಾರೆ ಮೇಡಮ್ಮು. ನಂಗೆ ತಟ್ಟನೆ ನಿಮ್ಮ ನೆನಪಾತು."

ಹೋದೆ. ಹೋಗದೆ ಇರುವ ಮುಖ ನನ್ನಲ್ಲಿ ಉಳಿದಿರಲಿಲ್ಲ. ಉದ್ದನೆಯ ಕೋಣೆಯ ನಡುವೆ ಒಂದು ಮಣೆಯ ಮೇಲೆ ನಿಲ್ಲಿಸಿ, ಎರಡೂ ಕೈ ಚಾಚಲು ಹೇಳಿ, ಗುಂಡುಪಿನ್ನು ಚುಚ್ಚಿ ಚುಚ್ಚಿ ಬಟ್ಟೆ ಹೊದಿಸಿದಳು. ತುಸು ಬಾಯಿ ತೆರೆದು ಏನೋ ಹೇಳಹೋದೆ. "ಅಲುಗಾಡ್ಬ್ಯಾಡ್ರಿ ಸರ್." ಆಮೇಲೆ ಟೇಪು ಹಿಡಿದು ಭುಜದ ಮೇಲೆ ಎರಡು ಸಲ ಓಡಿಸಿ, ತನ್ನ ಸಹಪಾಠಿಗಳ ಕಡೆ ತಿರುಗಿ, ನಾನೇ ಎಷ್ಟೋ ವರ್ಷ ಬಳಸಿದ ಧಾಟಿಯಲ್ಲಿ ಹೇಳಿದಳು: "ಇಲ್ಲಿ ನೋಡ್ರಿ. ಎಡಭುಜ ಮುಕ್ಕಾಲು ಇಂಚು ಇಳಿದೈತೆ. ಕುತ್ತಿಗೆ ಮುಂದಕ್ಕೆ ಬಂದೈತೆ. ಇವ್ರಿಗೆ ಅರ್ಧ ಬರೆದು ಮಡಚಿದ್ರೆ ನಡೆಯಂಗಿಲ್ಲ. ಎರಡೂ ಮಗ್ಗಲು ಬ್ಯಾರೆ ಬ್ಯಾರೆನೇ ಬರೀಬೇಕು."

ಎಲ್ಲರೂ ಹತ್ತಿರ ಬಂದು, ಸುತ್ತ ನಿಂತು, ಬಗ್ಗಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡರು. ಒಬ್ಬಳು ಚಿತ್ರವನ್ನೂ ಬಿಡಿಸಿಕೊಂಡಳು. ಇಷ್ಟು ಶ್ರದ್ಧೆಯ ತರಗತಿಯನ್ನು ನಾನು ಇಪ್ಪತ್ತೇಳು ವರ್ಷಗಳಲ್ಲಿ ಕಂಡಿರಲಿಲ್ಲ. ಕೈ ಚಾಚಿಕೊಂಡೇ, ಅಭ್ಯಾಸಬಲದಿಂದ, ಒಂದು ಕಡೆಯಿಂದ ಎಣಿಸಿದೆ. ಹದಿನಾಲ್ಕು ಜನ ಇದ್ದರು.